ಸವ್ವಾ ಸರಿ ಅದ, ಉಸ್ತಾದ

ಯಂತ್ರ ಕೂಗಿಕೊಂಡಾಗ ಬೆಳಗಿನ ಹತ್ತೂವರೆ. ಬೀ… ಎಂದು ಎಳೆದ ಒಂದೇ ಸ್ವರ, ಕೇಳಿದವರ ಎದೆ ಧಸಕ್ಕೆನ್ನಬೇಕು. ಕರಜಗಿಯ ಆ ಓಣಿಯಲ್ಲಿ ಅದರ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ: ಚಮನಸಾಬರ ಆಕ್ಸಿಜನ್ ಮಷೀನು ನಿಂತಿದೆ. ಅವರ ಹೆಂಡತಿ ಪ್ಯಾರಿಬಿ ಮೂಲೆಯಲ್ಲಿದ್ದ ಸಿಲಿಂಡರಿನ ಕೀಲಿ ತಿರುವಿ, ಗಂಡನ ಮೂಗಿನ ನಳಿಗೆಯನ್ನು ಅದಕ್ಕೆ ಸಿಕ್ಕಿಸಿ, ರಿಪೇರಿ ಮಾಡುವ ಜಯಮಾಲಾಗೆ ಫೋನು ಹಚ್ಚಿದರು.

“ಜಯಾ, ಮಷೀನ್ ಬಂದ್ ಬಿದ್ದಾದ ಯವ್ವಾ. ಇದ್ದಂಗ ಬಾ.”

ಜಯಮಾಲಾ ಇದ್ದ ಹಾಗೆಯೇ ಹೊರಟಳು. ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೆಯೇ ಉಳಿಯಿತು. ರಿಪೇರಿ ಚೀಲ ಹೆಗಲಿಗೇರಿಸಿ, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ರಾಡಿ ನೀರಿಗೆ ಇಳಿದಳು. ಭೀಮೆ ಉಕ್ಕಿ ನಾಲ್ಕು ದಿನವಾಗಿತ್ತು. ಹಳ್ಳದ ನೀರು ಹಿಂದಕ್ಕೆ ಒತ್ತಿ ತಗ್ಗಿನ ಓಣಿಗಳಿಗೆ ನುಗ್ಗಿತ್ತು. ಅಫಜಲಪುರದ ರಸ್ತೆಯ ಸೇತುವೆ ಬೆಳಗ್ಗೆ ಏಳಕ್ಕೇ ಮುಳುಗಿತ್ತು. ಪುಣ್ಯಕ್ಕೆ ಕರೆಂಟೊಂದು ಇತ್ತು. ಖಾಲಿ ಸಿಲಿಂಡರ್ ತುಂಬಿಸಿಕೊಂಡು ಬರಲು ನಸುಕಿನಲ್ಲೇ ಹೋಗಿದ್ದ ಅವಳ ಮೈದುನ ಭೀಮಶಾ ಆಚೆ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ. ದಾರಿಯಲ್ಲೇ ಅವನ ಫೋನು ಬಂತು.

“ವೈನಿ, ಬೋಟ್ ನಾಕ ಗಂಟಿಗಿ ಅಂತಾರ. ಅಲ್ಲೀತನ ಯಾರನೂ ದಾಟಸಂಗಿಲ್ಲಂತ. ಸಿಲಿಂಡರ್ ಎರಡೂ ನನ್ನ ಕಡಿನೇ ಅದಾವ. ಈಜಿ ಬರ್ಲೇನು?”

“ಮೂರ್ಖ ಇದ್ದೀಯೇನ್ಲೇ? ಅಲ್ಲೇ ನಿಂದ್ರು. ನೀರಿಗಿ ಇಳದಿ ಅಂದ್ರ ನಾ ಸುಮ್ನ ಬಿಡಾಕಿ ಅಲ್ಲ.”

ಬೈದು ಫೋನು ಇಟ್ಟು, ನೀರು ಸೀಳುತ್ತ ದಾಪುಗಾಲು ಹಾಕಿದಳು. ಚಮನಸಾಬರ ಮನೆ ಕಟ್ಟೆ ಎತ್ತರದ್ದು, ನೀರು ಹತ್ತಿರಲಿಲ್ಲ. ಒಳಕೋಣೆಯ ಮಂಚದ ಮೇಲೆ ಅವರು ದಿಂಬಿಗೊರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುವುದಿಲ್ಲ. ನಲವತ್ತು ವರ್ಷ ಟೀವಿ, ರೇಡಿಯೋ ಬಿಚ್ಚಿ ಬೆಸುಗೆಯ ಹೊಗೆ ಕುಡಿದ, ಮೇಲಿಂದ ಬೀಡಿಯ ಹೊಗೆಯನ್ನೂ ಕುಡಿದ ಶ್ವಾಸಕೋಶ ಅದು. ಬೆರಳಿಗೆ ಸಿಕ್ಕಿಸಿದ ಪುಟ್ಟ ಮೀಟರು ರಕ್ತದ ಆಕ್ಸಿಜನ್ ತೊಂಬತ್ತೊಂದು ತೋರಿಸುತ್ತಿತ್ತು. ಆಗ ಹನ್ನೊಂದು ಗಂಟೆ. ಜಯಮಾಲಾ ಮೊದಲು ಸಿಲಿಂಡರಿನ ಮುಳ್ಳು ನೋಡಿದಳು. ಸಣ್ಣಗೆ ಬಿಟ್ಟರೂ ಮೂರು ತಾಸಿನ ಮೇಲೆ ಬರುವ ಹಾಗಿರಲಿಲ್ಲ. ಅಂದರೆ ಎರಡು ಗಂಟೆಗೆ ಅದು ಖಾಲಿ. ಬೋಟು ನಾಲ್ಕಕ್ಕೆ. ಎರಡರೊಳಗೆ ಮಷೀನು ಓಡಬೇಕು, ಇಲ್ಲವಾದರೆ ನಡುವಿನ ಎರಡು ತಾಸು ಈ ಮನುಷ್ಯ ಯಾವ ಗಾಳಿ ಎಳೆಯಬೇಕು?

“ನಾ ಬಂದೇನ್ರಿ ಉಸ್ತಾದ. ನೀವು ಮಾತಾಡಬ್ಯಾಡ್ರಿ, ಸುಮ್ನ ಕೂಡ್ರಿ,” ಎಂದು ಮಷೀನಿನ ಗಾಲಿ ಉರುಳಿಸಿಕೊಂಡು ಪಡಸಾಲೆಗೆ ತಂದಳು. ಆಕ್ಸಿಜನ್ ಇರುವ ಕೋಣೆಯಲ್ಲಿ ಕಾಯ್ದ ಕಬ್ಬಿಣ ಹಿಡಿಯಬಾರದು. ಅದನ್ನು ಕಲಿಸಿದವರೂ ಅವರೇ.

ಕಲಿಸಿದ್ದು ಒಂದೇ ಎರಡೇ! ಹದಿನೇಳು ವರ್ಷದ ಹಿಂದೆ, ಜೇವರ್ಗಿ ಸೀಮೆಯಿಂದ ಮದುವೆಯಾಗಿ ಬಂದ ಹೊಸ ಸೊಸೆ ಜಯಮಾಲಾ, ಕೆಟ್ಟ ಮಿಕ್ಸರನ್ನು ಕಂಕುಳಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ಚಮನಸಾಬರ ದುಕಾನಿಗೆ ಹೋಗಿದ್ದಳು. ಬೇರೆ ಗಿರಾಕಿಗಳು ಎಷ್ಟೊತ್ತಿಗೆ ಬರಲಿ ಎಂದು ಕೇಳಿ ಹೋಗುತ್ತಿದ್ದರು. ಇವಳು ಮಾತ್ರ “ಒಳಗ ಏನ್ ಸುಟ್ಟಾದ್ರಿ? ಯಾಕ ಸುಟ್ಟಾದ?” ಎಂದು ಅಲ್ಲೇ ಕಂಬದಂತೆ ನಿಂತಳು. ಅವರು ಕನ್ನಡಕದ ಮೇಲಿಂದ ನೋಡಿದರು. “ಇಷ್ಟ ವರ್ಷದಾಗ ಯಾಕ ಅಂತ ಕೇಳಿದಾಕಿ ನೀ ಒಬ್ಬಾಕಿನೇ ನೋಡ್ ಬೇ. ಕೂಡು,” ಎಂದರು. ಕೂತಳು. ಕೂತವಳು ಏಳಲೇ ಇಲ್ಲ. ಗಂಡ ಸಿದ್ದರಾಮೇಶ ಭೂಸನೂರಿನ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಲಾರಿಯ ಡ್ರೈವರು. ಸೀಜನ್ನಿನಲ್ಲಿ ಅವನ ಮುಖ ಕಾಣುವುದೇ ಅಪರೂಪ, ಬೇಡವೆನ್ನಲು ಅವನಿಗೆ ಪುರುಸೊತ್ತೂ ಇರಲಿಲ್ಲ.

ಬೇಡವೆಂದವಳು ಅತ್ತೆ ಗುರಮ್ಮ. ಹೆಣ್ಣುಮಗಳು ಕರೆಂಟಿನ ಡಬ್ಬಿಗೆ ಕೈ ಹಾಕುವುದೆಂದರೇನು, ಹೆಚ್ಚುಕಡಿಮೆ ಆದರೆ ಯಾರು ಹೊಣೆ? ಎಂಟು ದಿನ ಮನೆಯಲ್ಲಿ ರಾಮಾಯಣವಾಗಿ, ಕೊನೆಗೆ ಮುದುಕಿ ಒಂದು ಶರತ್ತು ಹಾಕಿ ಸೋತಳು. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ಸೊಸೆಯ ಕೈಗಿಟ್ಟು, “ಡಬ್ಬಿ ಮುಚ್ಚೂ ಮುಂದ ಒಂದ ಬಟ್ಟ ಹಚ್ಚಬೇಕು. ಹಚ್ಚದ ಮುಚ್ಚಿದಿ ಅಂದ್ರ ನನ್ನ ಹೊಸ್ತಲಾ ದಾಟಬ್ಯಾಡ,” ಎಂದಳು. ಜಯಮಾಲಾ ಮುಖ ಕೆಂಪಗೆ ಮಾಡಿಕೊಂಡು ದುಕಾನಿನಲ್ಲಿ ಈ ಸುದ್ದಿ ಹೇಳಿದಾಗ ಚಮನಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಚ್ಚು ಬೇ! ತೆರಿಯೂ ಮುಂದ ನಾ ಬಿಸ್ಮಿಲ್ಲಾ ಅಂತೇನಿ, ಮುಚ್ಚೂ ಮುಂದ ನೀ ವಿಭೂತಿ ಹಚ್ಚು. ಡಬ್ಬಿಗಿ ಎರಡೂ ಕಡಿ ಬಂದೋಬಸ್ತ್ ಆಯ್ತು.”

ಅಂದಿನಿಂದ ಜಯಮಾಲಾ ಮುಚ್ಚಿದ ಡಬ್ಬಿಯೊಳಗೆಲ್ಲ ಒಂದು ಬಿಳಿ ಬಟ್ಟು. ನೀರು ಮುಟ್ಟಿಸಿದ ಹೆಬ್ಬೆರಳಿನಿಂದ ಗಟ್ಟಿಯನ್ನು ತಿಕ್ಕಿ, ಟ್ರಾನ್ಸ್‌ಫಾರ್ಮರಿನ ನೆತ್ತಿಗೆ ಒತ್ತುವುದು. ಅತ್ತೆ ಸತ್ತು ಆರು ವರ್ಷವಾದರೂ ಆ ಶರತ್ತು ಸಾಯಲಿಲ್ಲ. ಸಾಬರ ಎದೆ ಕೆಟ್ಟು ದುಕಾನು ಅವಳ ಕೈಗೆ ಬಂದ ಮೇಲೂ ತಪ್ಪಲಿಲ್ಲ. ಊರಿನ ಜನ ಕೂಡ ಅದನ್ನು ಗ್ಯಾರಂಟಿ ಕಾರ್ಡಿನಂತೆ ನೋಡುತ್ತಿದ್ದರು.

ಈ ಆಕ್ಸಿಜನ್ ಮಷೀನನ್ನೂ ಅವಳು ಎರಡು ತಿಂಗಳ ಹಿಂದೆ ಒಮ್ಮೆ ಬಿಚ್ಚಿ ಫ್ಯಾನು ಬದಲಿಸಿದ್ದಳು. ಈಗ ಮತ್ತೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಬೋರ್ಡಿನ ಮೇಲೆ, ತಾಮ್ರದ ತಂತಿ ಸುತ್ತಿದ ಕಾಯಿಲಿನ ನೆತ್ತಿಯಲ್ಲಿ ತನ್ನದೇ ವಿಭೂತಿ ಕಂಡಿತು. ಉಸ್ತಾದರ ಮಷೀನೆಂದು ಅಂದು ಕೊಂಚ ಹೆಚ್ಚೇ ಹಚ್ಚಿದ್ದಳು. ನೋಡಿ ಜೀವಕ್ಕೆ ಸ್ವಲ್ಪ ಧೈರ್ಯ ಬಂತು.

ಮಷೀನನ್ನು ನೇರ ಪ್ಲಗ್ಗಿಗೆ ಹಾಕದೆ, ನಡುವೆ ನೂರು ವ್ಯಾಟಿನ ಬಲ್ಬು ಸೇರಿಸಿ ಕರೆಂಟು ಕೊಟ್ಟಳು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಬಲ್ಬು ಸುಮ್ಮನಿತ್ತು. ಸರಿ, ಶಾರ್ಟ್ ಇಲ್ಲ. ಬಲ್ಬು ತೆಗೆದು ನೇರ ಕರೆಂಟು ಕೊಟ್ಟು ಮೀಟರಿನ ಮುಳ್ಳುಕಡ್ಡಿ ಊರಿದಳು. ದೊಡ್ಡ ಸಪ್ಲೈನಿಂದ ಮೂವತ್ತಾರು ವೋಲ್ಟು ಬರಬೇಕು. ಬರುತ್ತಿತ್ತು. ಅದನ್ನು ಒಂದು ಸಣ್ಣ ಐಸಿ ಇಪ್ಪತ್ನಾಲ್ಕಕ್ಕೆ ಇಳಿಸಿ, ಗಾಳಿ ತಿರುಗಿಸುವ ವಾಲ್ವುಗಳಿಗೆ ಕೊಡಬೇಕು. ಅಲ್ಲಿತ್ತು ರೋಗ. ಇಪ್ಪತ್ನಾಲ್ಕರ ಜಾಗದಲ್ಲಿ ಹದಿನೇಳು. ಹದಿನೇಳಕ್ಕೆ ವಾಲ್ವು ಹಾರುವುದಿಲ್ಲ, ವಾಲ್ವು ಹಾರದಿದ್ದರೆ ಮಷೀನು ಕೂಗಿ ನಿಲ್ಲುತ್ತದೆ. ಎರಡು ಬ್ಯಾಟರಿ ಜೋಡಿಸಿ ಹೊರಗಿನಿಂದಲೇ ಇಪ್ಪತ್ನಾಲ್ಕು ಕೊಟ್ಟುಬಿಡೋಣವೆಂದರೆ ಮನೆಯಲ್ಲಿ ಇದ್ದದ್ದು ಒಂದೇ ಬ್ಯಾಟರಿ. ಓಣಿಯ ಮೋಟಾರುಸೈಕಲ್ಲುಗಳ ಬ್ಯಾಟರಿಗಳೆಲ್ಲ ನೀರು ಹೊಕ್ಕು ಕೆಟ್ಟಿದ್ದವು.

ಆ ಐಸಿ ವೋಲ್ಟು ಇಳಿಸುವ ರೀತಿಯನ್ನು ಚಮನಸಾಬರು ಕಬ್ಬಿನ ಗದ್ದೆಯ ಲೆಕ್ಕದಲ್ಲಿ ಕಲಿಸಿದ್ದರು. ಕಾಲುವೆಯ ತೂಬಿನ ಹತ್ತಿರ ಒಬ್ಬ ಆಳು ಕೂತಿದ್ದಾನೆ, ತೂಬು ತೆರೆಯುತ್ತಾನೆ, ಮುಚ್ಚುತ್ತಾನೆ, ಕ್ಷಣಕ್ಕೆ ಲಕ್ಷ ಸಲ. ಗದ್ದೆಯಲ್ಲಿ ನೀರೆಷ್ಟು ನಿಂತಿದೆ ಎಂದು ತಿಳಿಯಲು ಅವನೆದುರು ಒಂದು ಅಳತೆ ಕೋಲು. ಕೋಲಿನಲ್ಲಿ ಗುರುತು ಮುಟ್ಟಿದರೆ ಮುಚ್ಚುತ್ತಾನೆ, ಇಳಿದರೆ ತೆರೆಯುತ್ತಾನೆ. ಐಸಿಗೆ ಆ ಕೋಲೆಂದರೆ ಅದರ ಒಂದು ಕಾಲು. ಎರಡು ರೆಸಿಸ್ಟರುಗಳು, ಒಂದು ದೊಡ್ಡದು ಒಂದು ಸಣ್ಣದು, ಹೊರಗಿನ ವೋಲ್ಟನ್ನು ಪಾಲು ಮಾಡಿ ಅಷ್ಟಿಷ್ಟು ಆ ಕಾಲಿಗೆ ಕಳಿಸುತ್ತವೆ. ಗುರುತು ಯಾವಾಗಲೂ ಒಂದೂಕಾಲು ವೋಲ್ಟಿನ ಆಸುಪಾಸು. ಸಾಬರ ಬಾಯಲ್ಲಿ ಅದು ‘ಸವ್ವಾ’. ಯಾವ ಬೋರ್ಡು ಬಂದರೂ ಅವರ ಮೊದಲ ಮಾತು ಅದೇ: “ಸವ್ವಾ ನೋಡಿದಿ ಏನ್ ಬೇ?”

ಈಗಲೂ ಒಳಕೋಣೆಯಿಂದ ಪ್ಯಾರಿಬಿಯ ದನಿ ಬಂತು. “ಜಯಾ, ಸವ್ವಾ ಅನ್ನಾಕತ್ಯಾರ ನೋಡು. ಏನ್ ಸವ್ವಾನೋ ಏನೋ.”

“ಸವ್ವಾ ಸರಿ ಅದ ಅಂತ ಹೇಳ್ರಿ ಚಾಚಿ!”

ಸರಿಯೇ ಇತ್ತು. ಮೀಟರಿನಲ್ಲಿ ಒಂದು ಪಾಯಿಂಟ್ ಎರಡು ಮೂರು. ಅದೇ ಅವಳಿಗೆ ತಲೆ ಕೆಡಿಸಿತು. ಅಳತೆ ಕೋಲು ಗದ್ದೆ ತುಂಬಿದೆ ಎನ್ನುತ್ತಿದೆ, ಗದ್ದೆ ನೋಡಿದರೆ ಮುಕ್ಕಾಲೂ ಇಲ್ಲ. ಲೋಡಿಗೆ ವೋಲ್ಟು ಜಗ್ಗುತ್ತಿರಬೇಕು, ಹಳೆಯ ಕೆಪ್ಯಾಸಿಟರ್ ಒಳಗೇ ಒಣಗಿರಬೇಕು ಎಂದುಕೊಂಡಳು. ಅದು ಸಾಮಾನ್ಯ ರೋಗ, ಹತ್ತರಲ್ಲಿ ಏಳು ಬೋರ್ಡಿಗೆ ಅದೇ. ಕಾಯಿಲಿನ ಪಕ್ಕದ ಕೆಪ್ಯಾಸಿಟರ್ ಕಿತ್ತು, ಚೀಲದಲ್ಲಿದ್ದ ಹೊಸದನ್ನು ಬೆಸೆದಳು. ಕರೆಂಟು ಕೊಟ್ಟಳು. ಇಪ್ಪತ್ನಾಲ್ಕು! ಮಷೀನು ಗುಡುಗಿ, ವಾಲ್ವು ಟಕ್ ಟಕ್ ಎಂದು ಹಾರಿ, ನಳಿಗೆಯಲ್ಲಿ ಗಾಳಿ ಬುಸುಗುಟ್ಟಿತು.

ಪ್ಯಾರಿಬಿ ಎರಡೂ ಕೈಯಿಂದ ಅವಳ ಕೆನ್ನೆ ಸವರಿ ದೃಷ್ಟಿಯ ನೆಟಿಗೆ ತೆಗೆದರು. “ನನ್ನ ಬಂಗಾರಾ, ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕ ನೋಡು!” ಎಂದು ಚಹಾಕ್ಕಿಡಲು ಓಡಿದರು. ಮಷೀನನ್ನು ಒಳಗೆ ತಳ್ಳಿ, ಸಿಲಿಂಡರ್ ಬಂದ್ ಮಾಡಿ, ಜಯಮಾಲಾ ಬೆವರು ಒರೆಸಿಕೊಂಡಳು. ಚಹಾ ಬಂತು. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಅರ್ಧ ಕುಡಿದಿದ್ದಳೋ ಇಲ್ಲವೋ, ಬೀ… ಎಂದು ಮತ್ತೆ ಹಿಡಿದುಕೊಂಡಿತು. ಕೇವಲ ಇಪ್ಪತ್ತು ನಿಮಿಷ. ಹಾಳಾದ್ದು ಇನ್ನೊಂದು ತಾಸಾದರೂ ನಡೆಯಬಾರದಿತ್ತೇ!

ಮತ್ತೆ ಸಿಲಿಂಡರು, ಮತ್ತೆ ಪಡಸಾಲೆ. ಹನ್ನೆರಡೂಕಾಲು. ಬೋರ್ಡಿನಲ್ಲಿ ಮತ್ತೆ ಹದಿನೇಳು. ಸವ್ವಾ ಮಾತ್ರ ಸರಿ. ಹಾಗಾದರೆ ಐಸಿಯೇ ಹೋಗಿದೆ, ತೂಬಿನ ಆಳೇ ಕಳ್ಳ ಎಂದು ತೀರ್ಮಾನಿಸಿದಳು. ಚೀಲದಲ್ಲಿ ಅದೇ ನಂಬರಿನ ಐಸಿ ಒಂದೇ ಒಂದಿತ್ತು. ಐದು ಕಾಲನ್ನು ಒಂದೊಂದಾಗಿ ಬಿಡಿಸಿ ಹೊಸದನ್ನು ಕೂಡಿಸುವಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಕರೆಂಟು ಕೊಟ್ಟರೆ ಇಪ್ಪತ್ನಾಲ್ಕು. ಈ ಸಲ ಅವಳು ಕುಣಿಯಲಿಲ್ಲ. ಮೀಟರು ಹಚ್ಚಿಕೊಂಡು ಬಾಯಿಗೆ ಸೆರಗು ಒತ್ತಿ ಕೂತಳು. ಹತ್ತು ನಿಮಿಷಕ್ಕೆ ಇಪ್ಪತ್ಮೂರೂವರೆ. ಹದಿನೈದಕ್ಕೆ ಇಪ್ಪತ್ತೊಂದು. ಅಂಕಿ ಜಾರುತ್ತಲೇ ಹೋಯಿತು.

“ಎಂಬತ್ತೇಳ ತೋರಸಾಕತ್ತಾದ ಯವ್ವಾ,” ಪ್ಯಾರಿಬಿ ಬಾಗಿಲಲ್ಲಿ ನಿಂತು ಹೇಳಿದರು. ಸಿಲಿಂಡರಿನ ಮುಳ್ಳು ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತಿತ್ತೆಂದು ಅವರೇ ಗಾಳಿಯನ್ನು ಎರಡು ಲೀಟರಿನಿಂದ ಒಂದಕ್ಕೆ ಇಳಿಸಿದ್ದರು. ಚಮನಸಾಬರ ತುಟಿಯ ಬಣ್ಣ ನೇರಳೆ ಹಣ್ಣು ತಿಂದವರ ಹಾಗಾಗಿತ್ತು. ಪ್ಯಾರಿಬಿ ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು ಎನಿಸಿತು ಜಯಮಾಲಾಗೆ.

ಉಳಿದದ್ದು ಎರಡು ರೆಸಿಸ್ಟರು. ಒಂದೊಂದರ ಕಾಲು ಎತ್ತಿ ಬಿಡಿಸಿ ಅಳೆದಳು. ದೊಡ್ಡದು ಸರಿ. ಸಣ್ಣದು ಸರಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಐಸಿ ಹೊಸದು, ಕೆಪ್ಯಾಸಿಟರ್ ಹೊಸದು, ಕಾಯಿಲ್ ಸರಿ, ಸವ್ವಾ ಸರಿ. ಎಲ್ಲ ಸರಿ ಇವೆ, ಮನುಷ್ಯ ಮಾತ್ರ ಸಾಯುತ್ತಿದ್ದಾನೆ. ಅವಳಿಗೆ ಎಂಥ ಸಿಟ್ಟು ಬಂತೆಂದರೆ ಸೋಲ್ಡರಿಂಗ್ ಐರನ್ನನ್ನು ಅಂಗಳದ ನೀರಿಗೆ ಎಸೆದುಬಿಡಬೇಕು ಎನಿಸಿತು. ಹದಿನೇಳು ವರ್ಷ ಏನು ಕತ್ತೆ ಕಾಯ್ದೆಯಾ, ಎಂದು ತನಗೆ ತಾನೇ ಬೈದುಕೊಂಡಳು. ಕಣ್ಣು ತುಂಬಿ ಬೋರ್ಡು ಮಸುಕಾಯಿತು. ಒರೆಸಿಕೊಂಡು ಒಳಬಾಗಿಲಿಗೆ ಹೋಗಿ ನಿಂತಳು.

“ಉಸ್ತಾದ, ನನಗ ಬಗಿಹರಿವಲ್ದು. ಸವ್ವಾ ಖರೇ ಅದ, ರೆಸಿಸ್ಟರ್ ಎರಡೂ ಖರೇ ಅದಾವ. ಬೆಸಿಗಿ ಹಾಕಿದ ಕೂಡ್ಲೇ ಇಪ್ಪತ್ನಾಕ ಬರ್ತದ, ಆರಿದ ಮ್ಯಾಲ ಇಳೀತದ. ನಾ ಏನ್ ಮಾಡ್ಲಿ?”

ಚಮನಸಾಬರು ಕಣ್ಣು ತೆರೆದರು. ಹೆಗಲೆರಡೂ ಏರಿ ಇಳಿದು ಒಂದು ಉಸಿರಿಗೆ ಒಂದು ಮಾತು ಹೊರಬಂತು.

“ಎರಡೂ… ಖರೇ ಇದ್ರ… ನಡುವ… ಯಾರ?”

ಪ್ಯಾರಿಬಿಗೆ ಅದು ಭ್ರಮೆಯ ಮಾತೆನಿಸಿ ಗಾಬರಿಯಾಯಿತು. “ಯಾರೂ ಇಲ್ಲರೀ, ನಾನೂ ಜಯಾನೇ ಅದೀವಿ,” ಎಂದು ಅವರ ಎದೆ ನೀವಿದರು. ಅವರು ಕೈ ಅಡ್ಡ ಆಡಿಸಿದರು. ಜಯಮಾಲಾಳ ಕಡೆಗೇ ನೋಡಿ ಇನ್ನೊಂದು ಉಸಿರು ಕೂಡಿಸಿಕೊಂಡರು.

“ಉಸಿರ… ಬಿಡು… ಅದರ ಮ್ಯಾಲ.”

ಅಲ್ಲಾ, ಉಸಿರಿಗಾಗಿ ತಾನೇ ಒದ್ದಾಡುವ ಮನುಷ್ಯ ಬೋರ್ಡಿಗೆ ಉಸಿರು ಕೊಡು ಎನ್ನುವುದೇ! ಆದರೆ ಜಯಮಾಲಾಗೆ ಅದು ತಿಳಿಯಿತು. ಬೆಸುಗೆಯ ಕಾವಿಗೆ ಗುಣವಾಗಿ, ತಂಪಿಗೆ ಮತ್ತೆ ಏಳುವ ರೋಗ ಅಂದರೆ ಹಸಿ. ಭಾಗಗಳೆಲ್ಲ ನಿಜವೇ ಹೇಳುತ್ತಿವೆ, ಅವುಗಳ ನಡುವೆ ಇರಬಾರದ ಜಾಗದಲ್ಲಿ ಏನೋ ಹಸಿಯಾಗಿ ಕೂತು ಕರೆಂಟು ಕದ್ದು ದಾಟಿಸುತ್ತಿದೆ. ನಾಲ್ಕು ದಿನದಿಂದ ಗೋಡೆ ಬೆವರುತ್ತಿದ್ದ ಮನೆ ಅದು.

ಓಡಿ ಬಂದು ರೆಸಿಸ್ಟರಿನ ಕಾಲು ಬೆಸೆದಳು. ಅಷ್ಟು ಕಾವಿಗೇ ಅಂಕಿ ಇಪ್ಪತ್ತಮೂರಕ್ಕೆ ಏರಿತು. ಬಾಲ್‌ಪೆನ್ನಿನ ಹೊಟ್ಟೆ ತೆಗೆದು ಕೊಳವೆ ಮಾಡಿಕೊಂಡು, ಒಂದೊಂದೇ ಜಾಗಕ್ಕೆ ಬಾಯಿಂದ ಬೆಚ್ಚನೆ ಉಸಿರು ಬಿಡುತ್ತ ಹೋದಳು. ದೊಡ್ಡ ಕೆಪ್ಯಾಸಿಟರಿನ ಬುಡಕ್ಕೆ ಬಿಟ್ಟಳು, ಅಂಕಿ ಅಲ್ಲಾಡಲಿಲ್ಲ. ಐಸಿಯ ಬೆನ್ನಿಗೆ ಬಿಟ್ಟಳು, ಅಲ್ಲಾಡಲಿಲ್ಲ. ಕಾಯಿಲಿನ ಬುಡಕ್ಕೆ ಬಿಟ್ಟಳು. ಇಪ್ಪತ್ತಮೂರು ಕಣ್ಣೆದುರಿಗೇ ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು ಆಯಿತು.

ಕೊಳವೆ ಬಾಯಲ್ಲಿಯೇ ಉಳಿಯಿತು. ಮೊಬೈಲಿನ ಟಾರ್ಚು ಹಚ್ಚಿ ಬಗ್ಗಿ ನೋಡಿದಳು. ಕಾಯಿಲಿನ ನೆತ್ತಿಯಿಂದ ಬಿಳಿಯದೊಂದು ಕಲೆ ಕೆಳಗೆ ಇಳಿದಿತ್ತು. ಇಳಿದು ಬೋರ್ಡಿನ ಮೇಲೆ ಹರಡಿ, ದೊಡ್ಡ ರೆಸಿಸ್ಟರಿನ ಎರಡೂ ತುದಿಗಳನ್ನು ಅಂಟಿನಂತೆ ಕೂಡಿಸಿತ್ತು. ಬೆರಳು ಮುಟ್ಟಿಸಿದಳು. ಜಿಗುಟು ಹಸಿ. ಮೂಗಿಗೆ ಹಿಡಿದಳು.

ವಿಭೂತಿ.

ಅಯ್ಯೋ ಶಿವನೇ! ಬೆಳಗಿನಿಂದ ಅದು ಅಲ್ಲೇ ಇತ್ತು. ಮೂರು ಸಲ ನೋಡಿದ್ದಳು, ನೋಡಿ ಧೈರ್ಯ ತಂದುಕೊಂಡಿದ್ದಳು. ಆ ಬಿಳುಪು ಕಂಡರೆ ‘ಇದು ನಾನು ನೋಡಿ ಮುಚ್ಚಿದ್ದು, ಸರಿಯಿದೆ’ ಎಂದು ಹೇಳುವುದು ಅವಳ ಕಣ್ಣಿಗೆ ಅಭ್ಯಾಸವಾಗಿ ಹೋಗಿತ್ತು. ಹಳೆಯ ಟೀವಿಗಳ ಟ್ರಾನ್ಸ್‌ಫಾರ್ಮರ್ ತೆಂಗಿನಕಾಯಿ ಗಾತ್ರದ್ದು, ಅದರ ನೆತ್ತಿಗೆ ಸೇರು ವಿಭೂತಿ ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ಈಗಿನ ಬೋರ್ಡಿನಲ್ಲಿ ಎಲ್ಲವೂ ಸಾಸಿವೆ ಗಾತ್ರ, ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಬೂದಿ ಒಣಗಿದ್ದಾಗ ಬಡಪಾಯಿ. ಹವೆಯ ಹಸಿ ಕುಡಿಯಿತೋ, ಉಪ್ಪಿನ ಹಾಗೆ ನೀರೊಡೆದು ಕರೆಂಟಿಗೆ ದಾರಿಯಾಗುತ್ತದೆ. ಅಳತೆ ಕೋಲು ಸುಳ್ಳು ಹೇಳಿರಲಿಲ್ಲ. ಕೋಲಿನ ಬುಡಕ್ಕೆ ಕದ್ದು ನೀರು ಬಿಟ್ಟವಳು ಇವಳೇ. ಉಸ್ತಾದರ ಉಸಿರಿಗೆ ಕೈ ಹಾಕಿದವಳು ಇವಳೇ, ಅದೂ ಪ್ರೀತಿಯಿಂದ, ಎರಡು ಬಟ್ಟು ಹೆಚ್ಚೇ ಹಚ್ಚಿ.

ಅಳುವುದಕ್ಕೆ ಹೊತ್ತಿರಲಿಲ್ಲ. ಒಂದು ನಲವತ್ತು. ಮೊಬೈಲು ತೊಳೆಯುವ ಸ್ಪಿರಿಟ್ಟು ಚೀಲದಲ್ಲಿತ್ತು, ಆದರೆ ಬೂದಿಯ ಉಪ್ಪು ಸ್ಪಿರಿಟ್ಟಿಗೆ ಕರಗುವುದಿಲ್ಲ, ನೀರಿಗೇ ಕರಗಬೇಕು. ನೀರೇನು ಕಡಿಮೆಯೇ, ಊರ ತುಂಬ ನೀರು! ಆ ರಾಡಿ ಮುಟ್ಟಿಸಿದರೆ ಬೋರ್ಡಿನ ಕಥೆ ಮುಗಿದಂತೆ. ಕಣ್ಣು ಮಷೀನಿಗೇ ಸಿಕ್ಕಿಸಿದ್ದ ಬಾಟಲಿಯ ಮೇಲೆ ಬಿತ್ತು. ಗಾಳಿ ಒಣಗದಿರಲೆಂದು ಅದರಲ್ಲಿ ಹಾಕಿಟ್ಟ ಡಿಸ್ಟಿಲ್ಡ್ ವಾಟರ್ ಇತ್ತು. ಪ್ಲಗ್ಗು ಕಿತ್ತು, ಬೋರ್ಡು ಹೊರಗೆ ತೆಗೆದು, ಆ ನೀರು ಹನಿಸಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಳು. ಮತ್ತೆ ಹನಿಸಿದಳು, ಮತ್ತೆ ತಿಕ್ಕಿದಳು. ಮೇಲಿಂದ ಸ್ಪಿರಿಟ್ಟು ಸುರಿದು ಅದು ಹಾರಿಹೋಗುವವರೆಗೆ ಊದಿದಳು.

“ಚಾಚಿ, ಹಂಚ ಕಾಸ್ರಿ. ಬರೇ ಬೆಚ್ಚಗ ಸಾಕು. ಕಾದ ಮ್ಯಾಲ ಒಲಿ ಆರಸ್ರಿ.”

ರೊಟ್ಟಿ ಹಂಚಿನ ಕಾವಿಗೆ ಒಂದು ಗೇಣು ಮೇಲೆ ಬೋರ್ಡನ್ನು ತಿರುವಿ ತಿರುವಿ ಹಿಡಿದು ಒಣಗಿಸಿದಳು. ಪ್ಯಾರಿಬಿ ಪಕ್ಕದಲ್ಲಿ ನಿಂತಿದ್ದರು. ಒಳಗಿಂದ ಸಿಲಿಂಡರಿನ ಸುಯ್ ಸದ್ದು ತೆಳ್ಳಗಾಗುತ್ತ ಬಂದು, ಕೇಳಿಸುತ್ತಿದೆಯೋ ಇಲ್ಲವೋ ಎಂಬಂತಾಗಿ, ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪ್ಯಾರಿಬಿ ಒಳಗೆ ಓಡಿದರು. “ಎಂಬತ್ತೊಂದು!” ಎಂಬ ಕೂಗು ಬಂತು. ಜಯಮಾಲಾ ತಡಮಾಡದೆ ಬೋರ್ಡು ಕೂಡಿಸಿ, ವೈರು ಸಿಕ್ಕಿಸಿ, ಕರೆಂಟು ಕೊಟ್ಟಳು.

ಇಪ್ಪತ್ನಾಲ್ಕು. ಬಾಯಿ ಹತ್ತಿರ ತಂದು ಹಾ… ಎಂದು ಉಸಿರು ಬಿಟ್ಟಳು. ಇಪ್ಪತ್ನಾಲ್ಕು. ಕೆನ್ನೆ ನೋಯುವವರೆಗೆ, ತಲೆ ತಿರುಗುವವರೆಗೆ ಬಿಟ್ಟಳು. ಅಂಕಿ ಕಲ್ಲಿನ ಹಾಗೆ ನಿಂತಿತ್ತು. ಮುಚ್ಚಳವನ್ನೂ ಹಾಕದೆ ಮಷೀನನ್ನು ಬಾಗಿಲಿಗೆ ತಳ್ಳಿ, ನಳಿಗೆ ಎಳೆದು ಉಸ್ತಾದರ ಮೂಗಿಗೆ ಸಿಕ್ಕಿಸಿದಳು.

ಎಂಬತ್ತೊಂದು. ಎಂಬತ್ತೊಂದು. ಎಂಬತ್ನಾಲ್ಕು. ಪ್ಯಾರಿಬಿ ಬಾಯೊಳಗೆ ಏನೋ ಓದಿಕೊಳ್ಳುತ್ತಿದ್ದರು. ಎಂಬತ್ತೆಂಟು. ಇಪ್ಪತ್ತು ನಿಮಿಷ ಕಳೆಯಿತು, ಮಷೀನು ಕೂಗಲಿಲ್ಲ. ನಲವತ್ತು ಕಳೆಯಿತು. ತೊಂಬತ್ತೆರಡರ ಮೇಲೆ ಅಂಕಿ ನಿಂತಾಗ ಪ್ಯಾರಿಬಿ ನೆಲಕ್ಕೆ ಕುಸಿದು ಕೂತು, ಬೆಳಗಿನಿಂದ ಕಟ್ಟಿಟ್ಟಿದ್ದ ಅಳುವನ್ನೆಲ್ಲ ಬಿಟ್ಟರು. ಅತ್ತು ಮುಗಿಸಿ ಕಣ್ಣೊರೆಸಿಕೊಂಡು ಕೇಳಿದರು.

“ಈ ನೀರಿನ ಹವಾಕ ಕೆಟ್ಟಿತ್ತೇನ ಯವ್ವಾ?”

ಹೌದೆಂದರೆ ಮುಗಿದುಹೋಗುತ್ತಿತ್ತು. ಸುಳ್ಳೂ ಪೂರಾ ಆಗುತ್ತಿರಲಿಲ್ಲ. ಈ ಬಡ ಹೆಂಗಸಿಗೆ ನೀರಿನ ಹವೆ ಎಂದರೆ ಸಾಕು, ಊರಿಗೂ ಸಾಕು, ನೆಟಿಗೆ ತೆಗೆದ ಆ ಕೈ ಮತ್ತೆ ಅವಳ ಕೆನ್ನೆಗೆ ಬರುತ್ತಿತ್ತು. ಜಯಮಾಲಾಗೆ ಹೌದೆನ್ನುವ ಆಸೆ ಬಲವಾಗಿಯೇ ಆಯಿತು. ಆದರೆ ಮಂಚದ ಮೇಲಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಗಿರಾಕಿಯಿಂದ ರೋಗದ ಹೆಸರು ಮುಚ್ಚಿಡಬಾರದು ಎಂದು ಕಲಿಸಿದ ಕಣ್ಣು.

“ಹವಾಕಲ್ರಿ ಚಾಚಿ. ನನ್ನ ಕೈಲೆ ಕೆಟ್ಟಾದ.” ಮಂಚದ ಕಡೆ ತಿರುಗಿದಳು. “ಉಸ್ತಾದ, ನಡುವ ಇದ್ದಾಕಿ ನಾನೇ. ನನ್ನ ವಿಭೂತಿ. ಆಷಾಢದಾಗ ಮುಚ್ಚೂ ಮುಂದ ಹಚ್ಚಿದ್ದು ಕೆಳಗ ಇಳದು ರೆಸಿಸ್ಟರಿಗಿ ಕೂಡೇದ. ನಾ ನಿಮ್ಮನ್ನ ಕೊಂದೇ ಬಿಟ್ಟಿದ್ದೆ.”

ಪ್ಯಾರಿಬಿಯ ಕೈ ಸೆರಗಿನಲ್ಲೇ ನಿಂತಿತು. ಚಮನಸಾಬರು ಮುಚ್ಚಳವಿಲ್ಲದ ಮಷೀನಿನ ಕಡೆ ನೋಡಿದರು. ಬೈಯುತ್ತಾರೆ, ಬೈದರೆ ಒಳ್ಳೆಯದು ಎಂದು ಅವಳು ಕಾದಳು. ಅವರ ಹಣೆ ಗಂಟು ಹಾಕಿಕೊಂಡಿತ್ತು. ಬೈಗುಳಕ್ಕಲ್ಲ, ಅದು ಕೆಟ್ಟ ಬೋರ್ಡು ಎದುರಿಗಿದ್ದಾಗ ಬೀಳುವ ಗಂಟು.

“ಇನ್ನ… ಎಷ್ಟ ಡಬ್ಬಿ?” ಎಂದರು.

ಅದನ್ನು ಜಯಮಾಲಾ ಯೋಚಿಸಿಯೇ ಇರಲಿಲ್ಲ. ಇನ್ನೆಷ್ಟು ಡಬ್ಬಿ! ಈ ಒಂದು ವರ್ಷದಲ್ಲೇ ಇಂಥ ಸಣ್ಣ ಬೋರ್ಡು ಎಷ್ಟು ಮುಚ್ಚಿದ್ದಾಳೆ? ಗಾಣಗಾಪುರದ ಲಾಡ್ಜಿನ ಇನ್ವರ್ಟರು, ದವಾಖಾನೆಯ ಲಸಿಕೆಯ ಫ್ರಿಜ್ಜು, ಆಳಂದದ ಕಡೆ ಹೋದ ಸೋಲಾರ್ ಪೆಟ್ಟಿಗೆಗಳು. ಬೆರಳು ಮಡಚುತ್ತ ಮಡಚುತ್ತ ಒಂದು ಹೆಸರಿಗೆ ಬಂದು ನಿಂತಳು. ಕೆಳಗಿನ ಓಣಿಯ ಹಣಮವ್ವ. ಆಕೆಯ ಮೊಮ್ಮಗಳಿಗೆ ದಮ್ಮು, ಔಷಧದ ಹೊಗೆ ಕೊಡುವ ಮಷೀನಿನ ಅಡಾಪ್ಟರನ್ನು ಹೋದ ತಿಂಗಳಷ್ಟೇ ಬಿಚ್ಚಿ ಸರಿಮಾಡಿ, ಬಟ್ಟಿಟ್ಟು ಕೊಟ್ಟಿದ್ದಳು. ಆ ಓಣಿಗೆ ನೀರು ಹೊಕ್ಕು ಮೂರು ದಿನ. ಆ ಕೂಸಿಗೆ ಸಂಜೆ ಆಯಿತೆಂದರೆ ಉಬ್ಬಸ ಏಳುತ್ತದೆ.

ಥಟ್ಟನೆ ಎದ್ದಳು. ಮಷೀನಿನ ಮುಚ್ಚಳ ಕೂಡಿಸಿ ಸ್ಕ್ರೂ ಬಿಗಿದಳು. ಕೈಗೆ ಹದಿನೇಳು ವರ್ಷದ ಚಟ, ತಾನೇ ಚೀಲಕ್ಕೆ ಹೋಗಿ ವಿಭೂತಿ ಗಟ್ಟಿಯನ್ನು ಹಿಡಿಯಿತು. ಹಿಡಿದದ್ದು ಗೊತ್ತಾದೊಡನೆ, ಕೆಂಡ ಮುಟ್ಟಿದವಳಂತೆ ಬಿಟ್ಟಳು. ಗಟ್ಟಿ ನೆಲಕ್ಕೆ ಬಿದ್ದು ಅಂಚು ಮುರಿಯಿತು. ಪ್ಯಾರಿಬಿ ಬಗ್ಗಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಏನು ಮಾಡಬೇಕೆಂದು ತಿಳಿಯದೆ ಗಂಡನ ಕಡೆ ನೋಡಿದರು.

“ಹೊರಗ ಹಚ್ಚಿ ಹೋಗು ಬೇ, ಒಳಗ ಹಚ್ಚಿದ್ದೆಲ್ಲಾ ತೊಳದ ಬಾ,” ಎಂದರು ಚಮನಸಾಬರು.

ಜಯಮಾಲಾ ಮುಚ್ಚಳದ ಮೇಲೆ ಒಂದು ಬಟ್ಟಿಟ್ಟು, ಬ್ರಶ್ಶು, ಸ್ಪಿರಿಟ್ಟಿನ ಸೀಸೆ, ಮಷೀನಿನ ಬಾಟಲಿಗೆಂದು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರಿನ ಇನ್ನೊಂದು ಸೀಸೆ ಚೀಲಕ್ಕೆ ತುರುಕಿ ಕಟ್ಟೆಯಿಂದ ನೀರಿಗೆ ಇಳಿದಳು. ಹತ್ತು ಹೆಜ್ಜೆ ಹೋದ ಮೇಲೆ ಅವಳಿಗೆ ಹೊಳೆಯಿತು. ಅಷ್ಟುದ್ದದ ಮಾತನ್ನು ಉಸ್ತಾದರು ಎಲ್ಲಿಯೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿದ್ದರು. ಆಗ ಅವಳಿಗೆ ಅಳು ಬಂತು. ಅಳುತ್ತಲೇ, ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ಹಣಮವ್ವನ ಮನೆಯ ಕಡೆಗೆ ಬಿರಬಿರನೆ ನಡೆದಳು.